ಚುಂಯ್ ಅನ್ನದ ಹಂಚು

ಇವತ್ತು ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಒಂದು ಸದ್ದು ಆಗಲಿಲ್ಲ. ಆಗದೆ ಇದ್ದ ಸದ್ದಿನ ಬಗ್ಗೆ ಬರೆಯಲು ಕೂತಿದ್ದಾಳಲ್ಲ ಈ ಮುದುಕಿ ಎಂದು ನೀವು ನಗಬಹುದು. ನಗಿರಿ, ಅಡ್ಡಿಯಿಲ್ಲ. ನನಗೂ ಬೆಳಗಿನಿಂದ ನಗು ತಡೆಯಲಾಗುತ್ತಿಲ್ಲ. ಒಲೆಯ ಮೇಲೆ ಬೆಣ್ಣೆ ಬಣ್ಣದ ಹಂಚು ಇತ್ತು. ನನ್ನ ಮೊಮ್ಮಗಳು ಪವಿತ್ರಾ ಕೋರ್ಟಿಗೆ ಹೋಗುವ ಬಿಳಿ ಚೂಡಿದಾರದ ಮೇಲೆ ನನ್ನದೊಂದು ಹಳೆಯ ಟವೆಲ್ಲು ಕಟ್ಟಿಕೊಂಡು, ಹುಟ್ಟಿದ ಮೇಲೆ ಮೊದಲ ಸಲ ದೋಸೆ ಹೊಯ್ದಳು. ನನ್ನ ಕೈ ತನ್ನಷ್ಟಕ್ಕೇ ನೀರಿನ ತಂಬಿಗೆಯ ಕಡೆ ಹೋಯಿತು. ಅವಳು ತಿರುಗಿ ಕಣ್ಣು ಕೆಕ್ಕರಿಸಿದಳು. ನಾನು ಆ ಕೈಯನ್ನು ಕಳ್ಳನ ಹಾಗೆ ಸೆರಗಿನೊಳಗೆ ಇಟ್ಟುಕೊಂಡೆ. ದೋಸೆ ಸದ್ದಿಲ್ಲದೆ ಬೆಂದು, ಸದ್ದಿಲ್ಲದೆ ಎದ್ದು ತಾಟಿಗೆ ಬಂತು. ಆಕಾರ ಮಾತ್ರ ನಾಲ್ಕನೇ ಇಯತ್ತೆಯ ಗೋಡೆಯ ಮೇಲಿದ್ದ ರಾಣೆಬೆನ್ನೂರು ತಾಲೂಕಿನ ನಕ್ಷೆಯ ಹಾಗಿತ್ತು. ನಾನು ಶಾಲೆಯಲ್ಲಿ ನೋಡಿದ ಕೊನೆಯ ನಕ್ಷೆ ಅದು, ಆದ್ದರಿಂದ ಚೆನ್ನಾಗಿ ನೆನಪಿದೆ.

ಈ ಹಂಚಿಗೆ ಅವಳು ಪ್ಯಾನು ಎನ್ನುತ್ತಾಳೆ. ಡಬ್ಬಿಯ ಮೇಲೆ ಸಿರಾಮಿಕ್ ಎಂದು ಬರೆದಿತ್ತಂತೆ. ನನಗೆ ದೋಸೆ ಹೊಯ್ಯುವುದೆಲ್ಲ ಹಂಚೇ. ಆದರೆ ನಾನು ಬಲ್ಲ ಹಂಚು ಕಪ್ಪಗೆ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರವಾಗಿ, ನೀರು ಚಿಮುಕಿಸಿದರೆ ಚುಂಯ್ ಎಂದು ಮಾತಾಡುತ್ತಿತ್ತು. ಆ ಹಂಚಿನ ಕತೆ ಹೇಳದೆ ಈ ಹಂಚಿನ ಕತೆ ಹೇಳಲು ನನಗೆ ಬರುವುದಿಲ್ಲ. ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಿ.

ನನ್ನ ತವರು ತುಂಗಭದ್ರೆಯ ದಂಡೆಯ ಐರಣಿ. ಅಲ್ಲಿ ಹೆಣ್ಣುಮಕ್ಕಳ ಜಾಣತನವನ್ನು ಅವರು ತಿಕ್ಕಿದ ಪಾತ್ರೆಯ ಹೊಳಪಿನಲ್ಲಿ ನೋಡುತ್ತಿದ್ದರು. ಹೊಳೆಯ ಉಸುಕು, ಹುಣಸೆಹಣ್ಣು, ತೆಂಗಿನ ನಾರು, ಇಷ್ಟೇ ನಮ್ಮ ಸಾಮಾನು. ನಾನು ತಿಕ್ಕಿದ ಕೊಡದಲ್ಲಿ ಮುಖ ನೋಡಿಕೊಂಡು ಕುಂಕುಮ ಹಚ್ಚಿಕೊಳ್ಳಬಹುದು ಎಂದು ಓಣಿಯಲ್ಲಿ ಹೆಸರಾಗಿತ್ತು. ಆ ಹೆಸರಿನ ಸೊಕ್ಕಿನಲ್ಲಿ, ಮದುವೆಯಾಗಿ ಬ್ಯಾಡಗಿಗೆ ಹೊರಟಾಗ, ಸೀರೆ ಕುಪ್ಪಸಗಳ ಜೊತೆಗೆ ಒಂದು ಗಂಟು ಹೊಳೆಯ ಉಸುಕನ್ನೂ ಕಟ್ಟಿಕೊಂಡು ಹೋದೆ. ಗಂಡನ ಮನೆಗೆ ಉಸುಕು ಒಯ್ದ ಸೊಸೆ ನಾನೊಬ್ಬಳೇ ಇರಬೇಕು.

ಬ್ಯಾಡಗಿಯಲ್ಲಿ ನನ್ನ ಅತ್ತೆ ನೀಲವ್ವನದು ಮೆಣಸಿನಕಾಯಿ ಪೇಟೆಯ ಪಕ್ಕದಲ್ಲಿ ತಗಡಿನ ಚಪ್ಪರದ ಒಂದು ಚಹಾದಂಗಡಿ. ಚಹಾ, ದೋಸೆ, ಶೇಂಗಾ ಚಟ್ನಿ. ಸುಗ್ಗಿಯಲ್ಲಿ ಊರೆಲ್ಲ ಕೆಂಪು, ಊರೆಲ್ಲ ಸೀನು. ನಮ್ಮ ಗಿರಾಕಿಗಳು ಹೆಚ್ಚಾಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು. ಅವರ ಬೆರಳುಗಳಿಗೆ ಹತ್ತಿದ ಬಣ್ಣ ನಮ್ಮ ಲೋಟಗಳಿಗೂ ಹತ್ತುತ್ತಿತ್ತು. ಅತ್ತೆ ಗಿಡ್ಡ ಹೆಂಗಸು, ಹಣೆಯ ತುಂಬ ವಿಭೂತಿ, ಹಂಚಿನ ಮುಂದೆ ಒಂದು ಮರದ ಮಣೆ ಹಾಕಿಕೊಂಡು ಅದರ ಮೇಲೆ ನಿಲ್ಲುತ್ತಿದ್ದಳು. ಮಾತು ಕಡಿಮೆ. ಬೈಯುವುದು ಇನ್ನೂ ಕಡಿಮೆ. ಅದಕ್ಕೇ ಅವಳನ್ನು ಕಂಡರೆ ನನಗೆ ಹೆದರಿಕೆ. ಬೈಯುವವರ ಸಿಟ್ಟು ಎಷ್ಟು ಎಂದಾದರೂ ತಿಳಿಯುತ್ತದೆ.

ನಾನು ಹೋಗಿ ಎಂಟು ದಿನ ಆಗಿತ್ತು. ಅತ್ತೆ ಯಾವುದೋ ಬಾಣಂತಿಯನ್ನು ನೋಡಲು ಹಾವೇರಿಗೆ ಹೋದಳು. ಅಂಗಡಿಗೆ ಅವತ್ತು ರಜೆ. ನನ್ನ ಕಣ್ಣು ಆ ಹಂಚಿನ ಮೇಲೆ ಬಿತ್ತು. ಕಪ್ಪು ಅಂದರೆ ಕಪ್ಪು, ಎಣ್ಣೆ ಮೆತ್ತಿ ಜಿಡ್ಡು ಜಿಡ್ಡು. ಅಯ್ಯೋ, ಪಾಪ, ವಯಸ್ಸಾದವಳು, ತಿಕ್ಕಲು ಆಗಿಲ್ಲ ಎಂದುಕೊಂಡೆ. ಗಂಡನ ಕೈ ಹಿಡಿಸಿ ಅದನ್ನು ಹಿತ್ತಲಿಗೆ ಇಳಿಸಿ, ಐರಣಿಯ ಉಸುಕಿನ ಗಂಟು ಬಿಚ್ಚಿದೆ. ಮಧ್ಯಾಹ್ನವೆಲ್ಲ ತಿಕ್ಕಿದೆ. ಸಂಜೆಯ ಹೊತ್ತಿಗೆ ಹಂಚು ಬೂದಿ ಬಣ್ಣಕ್ಕೆ ತಿರುಗಿ, ಬಿಸಿಲಿಗೆ ಫಳ್ ಎಂದು ಹೊಳೆಯಿತು. ಗಂಡ ಪಾಪ, ತಾನೂ ಹೊಸಬನಲ್ಲವೇ ಸಂಸಾರಕ್ಕೆ, "ಭಾಳ ಚಲೋ ಆತು" ಎಂದ.

ಮರುದಿನ ಪೇಟೆಯ ದಿನ. ಅತ್ತೆ ಬೆಳಗಿನ ಮೊದಲ ಬಸ್ಸಿಗೆ ಬಂದವಳೇ ಸೆರಗು ಸಿಕ್ಕಿಸಿ ಹಂಚಿನ ಮುಂದೆ ನಿಂತಳು. ಬೆಂಚಿನ ಮೇಲೆ ಹತ್ತು ಹನ್ನೆರಡು ಹೆಂಗಸರು. ಮೊದಲ ದೋಸೆ ಹೊಯ್ದಳು. ಅದು ಏಳಲಿಲ್ಲ. ಎರಡನೆಯದು ಹೊಯ್ದಳು. ಅದು ಹಂಚನ್ನು ಅಪ್ಪಿಕೊಂಡು ಕೂತಿತು. ಅತ್ತೆ ಬಗ್ಗಿ ಹಂಚನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಯಾರು ತೊಳದಾರ ಇದನ್ನ?"

"ನಾನ್ರಿ ಅತ್ತಿ."

"ಏನ್ ಹಚ್ಚಿ ತೊಳದಿ?"

"ಹೊಳಿ ಉಸುಕ್ರಿ. ನಮ್ಮೂರಿಂದು."

ಅತ್ತೆ ಉರಿಯನ್ನು ಸಣ್ಣ ಮಾಡಿದಳು. ಆಮೇಲೆ ನನಗೊಬ್ಬಳಿಗೇ ಕೇಳುವ ಹಾಗೆ, "ನಿನ್ನ ಗಂಡ ಹುಟ್ಟೂಕಿಂತ ಮದಲಿನ ಕರಿ ಅದು. ಒಂದ ಮಧ್ಯಾಹ್ನಕ್ಕ ತಗದೆಲ್ಲವಾ" ಎಂದಳು. ಅಷ್ಟೇ. ಹಂಚಿಗೆ ಅಂಟಿದ ದೋಸೆಯನ್ನು ಕಬ್ಬಿಣದ ಸವಟಿನಿಂದ ಕಿತ್ತು ಚೂರು ಚೂರು ಮಾಡಿದಳು. ಅದರ ಮೇಲೆ ಉಳ್ಳಾಗಡ್ಡಿ ಹೆಚ್ಚಿ ಹಾಕಿದಳು, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಉದುರಿಸಿದಳು, ಒಂದು ಚಿಟಿಕೆ ಕೆಂಪು ಖಾರ, ಮೇಲಷ್ಟು ಎಣ್ಣೆ. ತಾಟಿನಲ್ಲಿ ಹಾಕಿ ಮೊದಲ ಬೆಂಚಿಗೆ ಕೊಟ್ಟಳು.

"ಏನ ಬೇ ನೀಲಕ್ಕ, ದೋಸಿ ಕೇಳಿದ್ರ ಉಸಳಿ ಮಾಡಿ ಕೊಟ್ಟೀದಿ?" ಎಂದು ಒಬ್ಬಳು ಕೇಳಿದಳು.

ನಾನು ಚಪ್ಪರದ ಕಂಬದ ಹಿಂದೆ ಹೋಗಿ ನಿಂತಿದ್ದೆ. ಈಗ ನನ್ನ ಹೆಸರು ಹೇಳುತ್ತಾಳೆ, ಪೇಟೆಯ ತುಂಬ ಸುದ್ದಿಯಾಗುತ್ತದೆ, ಸಂಜೆಗೆ ಐರಣಿಗೂ ಮುಟ್ಟುತ್ತದೆ ಎಂದು ಸೆರಗನ್ನು ಮುಖಕ್ಕೆ ಎಳೆದುಕೊಂಡೆ. ಅತ್ತೆ ತಲೆಯನ್ನೂ ಎತ್ತಲಿಲ್ಲ.

"ಐರಣಿ ದೋಸಿ ಅದು. ನಮ್ಮ ಸೊಸಿ ತವರಮನಿ ಪದ್ಧತಿ. ತಿಂದ ನೋಡು, ಆಮ್ಯಾಲ ಮಾತಾಡು."

ತಿಂದರು. ಮತ್ತೊಂದು ತಾಟು ಕೇಳಿದರು. ಮುಂದಿನ ಪೇಟೆಗೆ ಬಂದವರು "ಆ ಐರಣಿ ದೋಸಿ ಐತೇನು?" ಎಂದೇ ಕೇಳಿದರು. ನಮ್ಮ ಅಂಗಡಿ ಇರುವ ತನಕ ಅದು ನಡೆಯಿತು ನೋಡಿ. ಒಮ್ಮೆ ನನ್ನ ಅಪ್ಪನೇ ಬಂದು ಬೆಂಚಿನ ಮೇಲೆ ಕೂತು ಒಂದು ತಾಟು ತಿಂದು, "ರುಚಿ ಏನೋ ಐತಿ. ಆದ್ರ ನಮ್ಮೂರಾಗ ಇದನ್ನ ನಾ ಎಂದೂ ನೋಡಿಲ್ಲಲ್ಲ!" ಎಂದು ಗಲ್ಲ ಕೆರೆದುಕೊಂಡ. ಅತ್ತೆ ಅವನಿಗೆ ಇನ್ನೊಂದು ಸವಟು ಬಡಿಸಿ, "ನೀವು ಗಂಡಸ್ರು, ಅಡಗಿಮನಿ ಯಾವಾಗ ನೋಡೀರಿ?" ಎಂದಳು. ಅವಳು ನಕ್ಕದ್ದನ್ನು ನಾನು ಮೊದಲ ಸಲ ಕಂಡದ್ದು ಆಗಲೇ.

ಶಿಕ್ಷೆ ಇಲ್ಲದೆ ಇರಲಿಲ್ಲ. ಹೋದ ಕಪ್ಪನ್ನು ಮತ್ತೆ ಬರಿಸುವ ಕೆಲಸ ನನ್ನ ಪಾಲಿಗೆ ಬಂತು. ದಿನಾ ಸಂಜೆ ಅರ್ಧ ಉಳ್ಳಾಗಡ್ಡಿಯನ್ನು ಎಣ್ಣೆಯಲ್ಲಿ ಅದ್ದಿ ಬಿಸಿ ಹಂಚಿಗೆ ತಿಕ್ಕುವುದು, ಆರಿಸುವುದು, ಮತ್ತೆ ತಿಕ್ಕುವುದು. ಇದಕ್ಕೆ ಪಳಗಿಸುವುದು ಎನ್ನುತ್ತಾರೆ. ಹಂಚು ಪಳಗಿತೋ ನಾನು ಪಳಗಿದೆನೋ, ತಿಂಗಳು ಎರಡು ತಿಂಗಳಲ್ಲಿ ದೋಸೆ ಏಳತೊಡಗಿತು. ಆಮೇಲೆ ಅತ್ತೆ ನನ್ನನ್ನು ತನ್ನ ಮಣೆಯ ಮೇಲೆ ನಿಲ್ಲಿಸಿ ನೀರಿನ ವಿದ್ಯೆ ಕಲಿಸಿದಳು. ಬೊಗಸೆಯಲ್ಲಿ ನೀರು ಹಿಡಿದು ಹಂಚಿಗೆ ಚಿಮುಕಿಸಬೇಕು, ಸದ್ದು ಕೇಳಬೇಕು. ಸುಂಯ್ ಎಂದು ಎಳೆದರೆ, "ಇನ್ನೂ ನಿದ್ದಿಗಣ್ಣಾಗೈತಿ, ತಡಿ." ಚುಂಯ್ ಎಂದು ಚುರುಕಾಗಿ ಹಾರಿದರೆ, "ಈಗ ಹೊಯ್ಯಿ." ಸದ್ದೇ ಇಲ್ಲದೆ ನೀರು ಮುತ್ತಾಗಿ ಉರುಳಿದರೆ, "ಸಿಟ್ಟಿಗೆದ್ದೈತಿ, ಇನ್ನೊಂದ ಬೊಗಸಿ ನೀರ ಹೊಡಿ, ತಣ್ಣಗಾಗ್ಲಿ." ಅಲ್ಲಿಂದ ಮುಂದೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನನ್ನ ಕೈ ಆ ನೀರು ಹೊಡೆಯಿತು. ಅತ್ತೆ ಹೋದಳು, ಗಂಡ ಹೋದ, ಅಂಗಡಿ ಹೋಗಿ ಅಲ್ಲಿ ಮೊಬೈಲಿನ ದುಕಾನು ಬಂತು. ಕೈಗೆ ಅದು ಯಾವುದೂ ಗೊತ್ತಿಲ್ಲ.

ಈಗ ಹಾವೇರಿಗೆ ಬರೋಣ. ಪವಿತ್ರಾ ನನ್ನ ಮಗ ಬಸವರಾಜನ ಮಗಳು. ಕಾಯಿದೆ ಓದಿ, ಹಾವೇರಿಯ ಕೋರ್ಟಿನಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಸೇರಿದಳು. ಒಂದು ವರ್ಷ ಬ್ಯಾಡಗಿಯಿಂದಲೇ ಬಸ್ಸಿನಲ್ಲಿ ಹೋಗಿ ಬಂದು ಮಾಡಿ ಸೊರಗಿ ಕಡ್ಡಿಯಾದಳು. ಹಾವೇರಿಯಲ್ಲೇ ಮನೆ ಹಿಡಿಯುತ್ತೇನೆ ಎಂದಳು. ಒಬ್ಬಳನ್ನೇ ಬಿಡುವುದಿಲ್ಲ ಎಂದು ಮಗ ಹಟ ಹಿಡಿದ. "ಅಜ್ಜಿ ಬಂದ್ರ?" ಎಂದು ಹುಡುಗಿ ನನ್ನ ಕಡೆ ತಿರುಗಿದಳು. ನಾನು ಊಟದ ತಾಟಿನ ಮುಂದಿನಿಂದಲೇ "ಬಂದೆ" ಎಂದುಬಿಟ್ಟೆ. ನೀವೇ ಹೇಳಿ, ಎಪ್ಪತ್ತು ದಾಟಿದವಳನ್ನು ಯಾರಾದರೂ ತಮ್ಮ ಹೊಸ ಮನೆಗೆ ಕರೆಯುತ್ತಾರೆಯೇ? ನನಗೆ ಆಗ ಆದ ಹಿಗ್ಗು ಮದುವೆಯಲ್ಲೂ ಆಗಿರಲಿಲ್ಲ.

ಬಸ್ಸು ಹತ್ತಿಸುವಾಗ ಮಗ ಒಂದು ಮಾತು ಅಂದ. "ನಿನಗ ಅಲ್ಲಿ ಹೊಂದೂದಿಲ್ಲ ಬೇ ಅವ್ವ. ಹದಿನೈದ ದಿನಕ್ಕ ವಾಪಸ್ ಬರ್ತಿ ನೋಡು. ನೀ ಬಂದ ಮರುದಿನಾನ ಆಕೀನೂ ಬರಬೇಕು, ಮತ್ತ ಹೇಳೇನಿ." ಆ ಮಾತು ಮುಳ್ಳಿನಂತೆ ನನ್ನೊಳಗೆ ಉಳಿಯಿತು. ಅದಕ್ಕೆ ಹಾವೇರಿಗೆ ಬಂದ ಮೇಲೂ ನನ್ನ ಚೀಲವನ್ನು ಪೂರ್ತಿ ಬಿಚ್ಚಲಿಲ್ಲ. ಅತ್ತೆಯ ಹಳೆಯ ನೂಲಿನ ಸೀರೆಯಲ್ಲಿ ನಾನೇ ಹೊಲಿದ ದಪ್ಪ ಕೈಚೀಲ ಅದು. ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿದೆ. ಬೇಕಾದ ಸೀರೆ ತೆಗೆಯುವುದು, ಒಗೆದು ಮತ್ತೆ ಅದರೊಳಗೇ ಇಡುವುದು. ಹುಡುಗಿಗೆ ಭಾರವಾದೆ ಅನ್ನಿಸಿದ ದಿನ ಹೊರಟುಬಿಡಲು ತಡವಾಗಬಾರದು ನೋಡಿ.

ಹಂಚು ಬಂದದ್ದು ಮೊದಲ ವಾರದಲ್ಲೇ. ಯಾವುದೋ ಖಟ್ಲೆಗಾಗಿ ರಾಣೆಬೆನ್ನೂರಿನ ಕೋರ್ಟಿಗೆ ಹೋದವಳು ಅಲ್ಲಿಂದ ತಂದಳು. "ಅಜ್ಜಿ, ಡಾಕ್ಟರ್ ನಿನಗ ಎಣ್ಣಿ ಕಮ್ಮಿ ಅಂದಾರ. ಇದರಾಗ ನಾಕ ಹನಿ ಸಾಕು. ಅಂಟೂದ ಇಲ್ಲ" ಎಂದಳು. ನಾನು ಬೆರಳಾಡಿಸಿ ನೋಡಿದೆ. ಕೂಸಿನ ಗಲ್ಲದಷ್ಟು ನುಣುಪು. ಪಳಗಿಸುವುದು ಯಾವಾಗ ಎಂದು ಕೇಳಿದೆ. ಪಳಗಿಸುವ ಕೆಲಸ ಇಲ್ಲ, ಬಿಸಿನೀರಲ್ಲಿ ಮೆತ್ತಗೆ ತೊಳೆದು ಒರೆಸಿದರೆ ಆಯಿತು ಎಂದಳು. ಪಳಗಿಸದ ಹಂಚೇ! ಇದೆಂಥ ಕಾಲ ಎಂದುಕೊಂಡೆ. ವಕೀಲಳಲ್ಲವೇ, ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. ನಾನು ಕನ್ನಡಕ ಏರಿಸಿ ಓದಿದೆ. ಕಲಂ ಒಂದು, ಉರಿ ಸಣ್ಣದು ಇಲ್ಲವೆ ನಡುವಿನದು ಇರತಕ್ಕದ್ದು. ಕಲಂ ಎರಡು, ಬರೀ ಪ್ಯಾನು ಕಾಯಲು ಬಿಟ್ಟು ಬಾಗಿಲಿಗೆ ಹೋಗಿ ಮಾತಾಡತಕ್ಕದ್ದಲ್ಲ. ಕಲಂ ಮೂರು, ಕಟ್ಟಿಗೆಯ ಸವಟು ಮಾತ್ರ. ಕಲಂ ನಾಲ್ಕು, ಬಿಸಿ ಇರುವಾಗ ತಣ್ಣೀರು ಸೋಕಿಸತಕ್ಕದ್ದಲ್ಲ, ತಾನಾಗಿ ಆರಿದ ಮೇಲೆ ತೊಳೆಯುವುದು. ಕಲಂ ಐದು, ತಂತಿಯ ಜಾಲರಿ, ಬೂದಿ, ಉಸುಕು ಇವುಗಳಿಗೆ ಸಂಪೂರ್ಣ ನಿಷೇಧ. ಕಲಂ ಆರು, ಮೇಲೆ ಬೇರೆ ಪಾತ್ರೆ ಪೇರಿಸುವುದಾದರೆ ನಡುವೆ ಮೆತ್ತನೆಯ ಬಟ್ಟೆ ಹಾಕತಕ್ಕದ್ದು.

ಉಸುಕು ಎಂದು ಯಾಕೆ ಬರೆದಳೋ ತಿಳಿಯದು. ನನ್ನ ಹಳೆಯ ಗುಟ್ಟು ಇವಳಿಗೆ ಗೊತ್ತೇ ಎಂದು ಒಂದು ಗಳಿಗೆ ಅಂಜಿದೆ.

ಹತ್ತು ದಿನ ಕಾಯಿದೆ ಮುರಿಯದೆ ಬಾಳಿದೆ. ಹನ್ನೊಂದನೆಯ ದಿನ, ಮಧ್ಯಾಹ್ನ ಊಟಕ್ಕೆ ಮನೆಗೇ ಬರುತ್ತೇನೆ ಎಂದು ಫೋನು ಮಾಡಿದಳು. ನನಗೆ ಸಡಗರ. ಬಿಸಿ ಬಿಸಿ ದೋಸೆ ಹಾಕಬೇಕು. ಸಡಗರದಲ್ಲಿ ತಲೆ ಹಿಂದೆ ಉಳಿಯಿತು, ಕೈ ಮುಂದೆ ಹೋಯಿತು. ಉರಿ ದೊಡ್ಡದಾಗಿ ಇಟ್ಟು ಚಟ್ನಿಗೆ ಒಗ್ಗರಣೆ ಮಾಡುತ್ತ ನಿಂತೆ. ಹಂಚಿನಿಂದ ಬಿಸಿ ಮುಖಕ್ಕೆ ಹೊಡೆಯಿತು. ಸಿಟ್ಟಿಗೆದ್ದಿದೆ ಅನ್ನಿಸಿತು. ಹಂಚು ಸಿಟ್ಟಿಗೆದ್ದರೆ ಏನು ಮಾಡಬೇಕು? ಬೊಗಸೆ ತುಂಬ ತಣ್ಣೀರು ಹೊಡೆದೆ.

ಚುಂಯ್ ಅನ್ನಲಿಲ್ಲ. ಟಣ್ ಅಂದಿತು.

ಅದರ ಹೊಟ್ಟೆ ಉಬ್ಬಿ ಮೇಲೆ ಬಂತು. ಬೆಣ್ಣೆ ಬಣ್ಣದ ಮೇಲೆ ಕೂದಲಿನಂಥ ಸಣ್ಣ ಸಣ್ಣ ಬಿರುಕು, ಬೇಸಿಗೆಯ ಕೆರೆಯ ತಳದ ಹಾಗೆ. ಏನೂ ಆಗಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ದೋಸೆ ಹೊಯ್ದೆ. ಅದು ಅಪ್ಪಿಕೊಂಡು ಕೂತಿತು. ಸ್ಟೀಲಿನ ಸವಟು ತಗೊಂಡು ಕಿತ್ತೆ. ಹಂಚಿಗೆ ಗೀರು ಬಿತ್ತು. ಗೀರು ಹೋಗಲಿ ಎಂದು ತಂತಿಯ ಜಾಲರಿ ಹಚ್ಚಿ ತಿಕ್ಕಿದೆ. ತಪ್ಪು ಮಾಡಿದ ಮನುಷ್ಯ ಎಷ್ಟು ಚುರುಕಾಗುತ್ತಾನೆ ನೋಡಿ, ಅರ್ಧ ತಾಸಿನಲ್ಲಿ ಅದನ್ನು ಪೂರ್ತಿ ಕೆಡಿಸಿದೆ. ಕಿತ್ತ ದೋಸೆಯಲ್ಲಿ ಬಣ್ಣ ಬಂದಿರಬಹುದೆಂದು ಕಸಕ್ಕೆ ಹಾಕಿ, ಉಳಿದ ಹಿಟ್ಟನ್ನು ಒಂದು ಸ್ಟೀಲಿನ ಬುಟ್ಟಿಯಲ್ಲಿ, ಅಗಲ ಬಾಯಿಯ ಪಾತ್ರೆ ಅದು, ಹೊಯ್ದೆ. ಅದೂ ಅಂಟಿತು. ಕೈ ನಿಲ್ಲಲಿಲ್ಲ, ಚೂರು ಮಾಡಿ ಉಳ್ಳಾಗಡ್ಡಿ ಹಾಕಿತು, ಹಿಂಡಿ ಉದುರಿಸಿತು. ಕಣ್ಣಲ್ಲಿ ನೀರು. ಉಳ್ಳಾಗಡ್ಡಿಯದು ಎಂದೇ ಇಟ್ಟುಕೊಳ್ಳಿ.

ಮಗನ ಮಾತು ನೆನಪಾಯಿತು. ಹೊಂದೂದಿಲ್ಲ ಬೇ ಅವ್ವ. ಆಗ ನನಗೊಂದು ಉಪಾಯ ಹೊಳೆಯಿತು. ಬ್ಯಾಡಗಿಯ ನಮ್ಮ ಓಣಿಗೆ ಕಲಾಯಿಯವನು ಬರುತ್ತಾನಲ್ಲ! ಹಿತ್ತಾಳೆ ಪಾತ್ರೆಗೆ ಹಾಕಿದಂತೆ ಇದಕ್ಕೂ ಕಲಾಯಿ ಹಾಕಿಸಿದರೆ ಮತ್ತೆ ನುಣ್ಣಗಾಗುತ್ತದೆ. ಹಂಚನ್ನು ಚೀಲಕ್ಕೆ ಸೇರಿಸಿದೆ. ಸೇರಿಸುವಾಗ ಗುಳಿಗೆಯ ಡಬ್ಬಿಯನ್ನೂ ಹಾಕಿದೆ. ಕನ್ನಡಕದ ಮನೆಯನ್ನೂ ಹಾಕಿದೆ. ಗೂಟದ ಮೇಲಿನ ಸ್ವೆಟರನ್ನೂ ಹಾಕಿದೆ. ಚಪ್ಪಲಿ ಮೆಟ್ಟುವಾಗ ಬಾಗಿಲು ತೆರೆಯಿತು. ಕೈಮೇಲೆ ಕರಿ ಕೋಟು ಹಾಕಿಕೊಂಡು ಪವಿತ್ರಾ ನಿಂತಿದ್ದಳು.

"ಎಲ್ಲಿಗಿ ಹೊಂಟೀದಿ ಅಜ್ಜಿ?"

"ಇಲ್ಲೇ... ಬ್ಯಾಡಗಿಗಿ."

ಅವಳು ಚೀಲವನ್ನು ನೋಡಿದಳು. ಹಂಚಿನ ಹಿಡಿಕೆ ಚೀಲದ ಬಾಯಿಯಿಂದ ಹೊರಗೆ ಇಣುಕುತ್ತಿತ್ತು. ಎಳೆದು ತೆಗೆದು, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದಳು. ನೀಲವ್ವ ಬಗ್ಗಿ ನೋಡಿದ ಹಾಗೆಯೇ. ಆಮೇಲೆ ಕೋಟು ತೊಟ್ಟುಕೊಂಡು, ಕುರ್ಚಿ ಎಳೆದು ಕೂತಳು.

"ಆರೋಪಿ ಅಲ್ಲೇ ನಿಂದರಬೇಕು. ಕಲಂ ಒಂದು, ಎರಡು, ಮೂರು, ನಾಕು, ಐದು. ಒಂದ ಮಧ್ಯಾಹ್ನಕ್ಕ ಐದ ಕಲಂ ಮುರದೀದಿ. ಒಪ್ಕೋತೀ?"

"ಒಪ್ಕೋತೇನ್ರಿ ಸಾಹೇಬ್ರ. ಆರನೇದು ಮುರದಿಲ್ರಿ."

"ಅದಕ್ಕ ವ್ಯಾಳ್ಯಾ ಸಿಕ್ಕಿಲ್ಲ. ಪ್ಯಾನ್ ಯಾಕ ಚೀಲದಾಗ ಐತಿ?"

"ಕಲಾಯಿ ಹಾಕಸಾಕ ಒಯ್ಯಾಕತ್ತಿದ್ದೆ."

ಅವಳು ನಕ್ಕಳು ನೋಡಿ, ಕುರ್ಚಿಯಿಂದ ಜಾರುವಷ್ಟು. "ಅಯ್ಯ ನನ್ನ ಅಜ್ಜಿ! ಇದಕ್ಕ ಕಲಾಯಿ ಬರೂದಿಲ್ಲ ಬೇ. ಹೋದದ್ದು ಹೋತು." ನಾನೂ ನಗಲು ನೋಡಿದೆ. ಅಷ್ಟರಲ್ಲಿ ಅವಳ ಕೈ ಚೀಲದೊಳಗೆ ಹೋಯಿತು. ಒಂದೊಂದಾಗಿ ಮೇಜಿನ ಮೇಲೆ ಇಟ್ಟಳು. ಗುಳಿಗೆ ಡಬ್ಬಿ. ಕನ್ನಡಕದ ಮನೆ. ಸ್ವೆಟರು. ಮೂರು ಸೀರೆ. ನಗು ಅಲ್ಲಿಗೇ ನಿಂತಿತು.

"ಕಲಾಯಿ ಹಾಕಸಾಕ ಸ್ವೆಟರ್ ಯಾಕ ಬೇಕು ಅಜ್ಜಿ?"

ಇಂಥ ಪ್ರಶ್ನೆ ಕೇಳಲು ಕಲಿಸುತ್ತಾರೆಂದು ಗೊತ್ತಿದ್ದರೆ ನಾನು ಅವಳನ್ನು ಕಾಯಿದೆ ಓದಲು ಬಿಡುತ್ತಲೇ ಇರಲಿಲ್ಲ. "ನಾ ಎಲ್ಲಾ ಕೆಡಸ್ತೇನಿ ಪವಿ" ಎಂದೆ. "ಮುದುಕಿ ಕೈ, ಹೊಸಾದು ಕಲಿಯಾಕ ಒಲ್ಲೆ ಅಂತೈತಿ. ನಿನಗ ನನ್ನಿಂದ ಏನ ಉಪಯೋಗ?"

ಒಲೆಯ ಪಕ್ಕದ ಸ್ಟೀಲಿನ ಬುಟ್ಟಿ ಅವಳ ಕಣ್ಣಿಗೆ ಬಿತ್ತು. ಎದ್ದು ಹೋಗಿ ಬೆರಳಲ್ಲೇ ಒಂದು ತುತ್ತು ತಿಂದಳು. ಮತ್ತೊಂದು ತಿಂದಳು. ಬುಟ್ಟಿಯನ್ನೇ ಎತ್ತಿಕೊಂಡು ಬಂದು ಕುರ್ಚಿಯ ಮೇಲೆ ಕೂತಳು.

"ಇದೇನ ಇದು? ಇಷ್ಟ ದಿನ ಯಾಕ ಮಾಡಿಲ್ಲ ನನಗ?"

ಕೆಟ್ಟ ದೋಸೆ ಎನ್ನಲು ಬಾಯಿ ತೆರೆದೆ. ಬಾಯಿ ಬೇರೆ ಹೇಳಿತು. "ಐರಣಿ ದೋಸಿ ಅದು" ಎಂದೆ. ಆಮೇಲೆ ಉಸುಕಿನ ಗಂಟಿನಿಂದ ಹಿಡಿದು ನೀಲವ್ವನ ಮಾತಿನವರೆಗೆ ಎಲ್ಲವನ್ನೂ, ಯಾರಿಗೂ ಹೇಳದೆ ಇದ್ದುದನ್ನು, ಅವಳಿಗೆ ಹೇಳಿದೆ. ಬುಟ್ಟಿ ಬರಿದಾಗುವ ತನಕ ಕೇಳಿದಳು. ಕೈ ತೊಳೆದು ಬಂದು ಮತ್ತೆ ಕೋಟಿನ ಗುಂಡಿ ಹಾಕಿಕೊಂಡಳು.

"ಜಾಮೀನು ಕೊಟ್ಟೇನಿ. ಷರತ್ತು ಒಂದ ಐತಿ."

"ಏನ್ರಿ ಸಾಹೇಬ್ರ?"

"ಆರೋಪಿ ಹಾವೇರಿ ಬಿಟ್ಟ ಹೋಗಂಗಿಲ್ಲ." ಇಷ್ಟು ಹೇಳುವಾಗ ಸಾಹೇಬರ ದನಿ ಸ್ವಲ್ಪ ಒದ್ದೆಯಾಗಿತ್ತು.

ಭಾನುವಾರ ಇಬ್ಬರೂ ರಾಣೆಬೆನ್ನೂರಿಗೆ ಹೋಗಿ ಇನ್ನೊಂದು ಹಂಚು ತಂದೆವು. ಅಂಗಡಿಯವ ಸಣ್ಣದೂ ದೊಡ್ಡದೂ ಜೋಡಿಯಾಗಿ ಕೊಟ್ಟ. ಈಗ ನಾನು ಇದರ ಗುಣ ತಿಳಿದಿದ್ದೇನೆ. ನೀಲವ್ವನ ಹಂಚು ಮಾತಾಡುತ್ತಿತ್ತು, ಇದು ಮಾತಾಡುವುದಿಲ್ಲ. ಸಣ್ಣ ಉರಿ, ನಾಲ್ಕು ಹನಿ ಎಣ್ಣೆ, ಕಟ್ಟಿಗೆಯ ಸವಟು. ಕೆಲಸ ಮುಗಿದ ಮೇಲೆ ಪಕ್ಕಕ್ಕಿಟ್ಟು ಅದರ ಪಾಡಿಗೆ ಆರಲು ಬಿಡಬೇಕು. ಆ ಹೊತ್ತಿನಲ್ಲಿ ನಾನು ಬಾಗಿಲಿಗೆ ಹೋಗಿ ಎದುರು ಮನೆಯವಳ ಜೊತೆ ಮಾತಾಡಿ ಬರುತ್ತೇನೆ, ಅದಕ್ಕೆ ಯಾವ ಕಲಮಿನ ಅಡ್ಡಿಯೂ ಇಲ್ಲ. ಆಮೇಲೆ ಬೆಚ್ಚಗಿನ ನೀರು, ಮೆತ್ತನೆಯ ಸ್ಪಂಜು. ಕೂಸಿಗೆ ಎರೆದ ಹಾಗೆ ತೊಳೆದು ಒರೆಸುತ್ತೇನೆ. ಒಂದಕ್ಕೆ ಕರಿ ಏರಿಸಬೇಕು, ಒಂದರ ಬಿಳುಪು ಕಾಪಾಡಬೇಕು. ನಾನು ಆಗ ಅದನ್ನು ಬಿಳಿ ಮಾಡಲು ಹೋದೆ, ಈಗ ಇದಕ್ಕೆ ಆ ಹಳೆಯ ಹಂಚಿನ ಉಪಚಾರ ಮಾಡಲು ಹೋದೆ. ಎರಡು ಸಲವೂ ಕೈಹಿಡಿದು ಎತ್ತಿದವರು ಸಿಕ್ಕರು.

ಇವತ್ತು ಬೆಳಿಗ್ಗೆ ಆ ನಕ್ಷೆಯ ದೋಸೆ ತಿಂದು ಪವಿತ್ರಾ ಕೋರ್ಟಿಗೆ ಹೋದ ಮೇಲೆ, ಹಂಚುಗಳನ್ನು ಒಂದರ ಮೇಲೊಂದು ಇಡುವಾಗ ಆರನೇ ಕಲಂ ನೆನಪಾಯಿತು. ನಡುವೆ ಹಾಕಲು ಮೆತ್ತನೆಯ ಬಟ್ಟೆ ಹುಡುಕಿದೆ. ಬಾಗಿಲ ಹಿಂದೆ ಚೀಲ ಖಾಲಿಯಾಗಿ ನೇತಾಡುತ್ತಿತ್ತು. ಎಷ್ಟು ಸಲ ಒಗೆದ ನೂಲು, ಎಷ್ಟು ಮೆತ್ತಗೆ! ಕತ್ತರಿ ತಂದು ಹೊಲಿಗೆ ಬಿಚ್ಚಿ ಎರಡು ಗುಂಡನೆಯ ತುಂಡು ಕತ್ತರಿಸಿದೆ. ನಡುವೆ ಒಂದು, ಮೇಲೆ ಒಂದು, ಸರಿಯಾಗಿ ಕೂತವು. ಚೀಲದ ಕಿವಿ ಎರಡು ಉಳಿದಿವೆ, ಬಿಸಿ ಹಿಡಿಕೆ ಹಿಡಿಯಲು ಬರುತ್ತವೆ.

ಇದನ್ನು ಬರೆಯುತ್ತಿರುವಾಗಲೇ ಮಗನ ಫೋನು ಬಂತು. "ಏನ ಬೇ ಅವ್ವ, ಹದಿನೈದ ದಿನ ಅಂದಿದ್ದೆ, ಎರಡ ತಿಂಗಳಾತು. ಯಾವಾಗ ಬರ್ತಿ?"

"ಎಲ್ಲಿ ಬರ್ಲೋ ಬಸು," ಎಂದೆ. "ಬರಬೇಕಂದ್ರ ನನ್ನ ಕಡೆ ಚೀಲಾನ ಇಲ್ಲಲ್ಲಪಾ."